ನರ್ತನದ ಅಂಗಳದಲ್ಲಿ ಅರವಟ್ಟಿಗೆ

ಹಂಪಿಯ ಮಹಾನವಮಿ ದಿಬ್ಬದ ಭಿತ್ತಿಯಲ್ಲಿ ಕೋಲಾಟದ ನರ್ತಕಿಯರ ಶಿಲ್ಪಗಳಿವೆ. ಸಮೀಪದಲ್ಲೇ ಮೆಟ್ಟಿಲು ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆಯಿದೆ. ಇಂದಿನ ನವರಾತ್ರಿಯ ದಾಂಡಿಯಾ ಕೂಟಗಳಲ್ಲಿ ಎಲ್ಲಿ ಮನೆಯಿಂದ ತಂದ ಸೋಸಿದ ನೀರನ್ನು ಬಾಗಿಲಲ್ಲೇ ತಡೆದು ಒಳಗೆ ಬಾಟಲಿ ಮಾರುವರೋ, ಅಲ್ಲಿ ನಡೆಯುವುದು ಬಾಯಾರಿಕೆಯ ವ್ಯಾಪಾರ. ಚೌವಿಹಾರ ನೇಮದ ಶ್ರಾವಕರು ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟರು, ನಿಜ. ಅದನ್ನೇ ನೆಪವಾಗಿಸಿ ನೀರಿನ ಏರ್ಪಾಡು ಅನಗತ್ಯವೆನ್ನುವುದು ಸಲ್ಲದು. ನೇಮ ಹಿಡಿದವರು ತಾವು, ಡೋಲು ಬಡಿಯುವವನಲ್ಲ, ಅಂಗಳ ಗುಡಿಸುವವಳೂ ಅಲ್ಲ. ಹೊಸಪೇಟೆ, ಕಂಪ್ಲಿಗಳ ಬಿರುಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವವರು ಆಶ್ವಯುಜದ ರಾತ್ರಿಗೆ ಅದನ್ನೇಕೆ ಮರೆಯಬೇಕೋ! ಸಭಾಂಗಣ ಕೊಡುವ ಟ್ರಸ್ಟುಗಳು ಬಾಡಿಗೆಯ ಕರಾರಿನಲ್ಲೇ, ಠೇವಣಿಯ ಮೊತ್ತಕ್ಕೂ ಮೊದಲು, ಸೋಸಿದ ಉಚಿತ ನೀರಿನ ಷರತ್ತನ್ನು ಬರೆಸಬೇಕು.