ವಲಯದ ಗೆರೆ, ವಲಯದ ಅರ್ಥ: ಕಡೂರು, ತರೀಕೆರೆ, ಅಜ್ಜಂಪುರಗಳ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ನಕ್ಷೆಯಲ್ಲಿ ಬರೆದ ಹೆಸರನ್ನೇ ನೆಲದ ಮೇಲಿನ ಸಂಗತಿಯೆಂದು ಭಾವಿಸುವವರು ಕಡೂರಿನ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು. 1863ರಲ್ಲಿ ಮೈಸೂರು ಸಂಸ್ಥಾನದ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ಈ ಊರಿನ ಹೆಸರಿನಲ್ಲಿ ಒಂದು ಜಿಲ್ಲೆ ಏರ್ಪಟ್ಟಿತು. 1865ರಲ್ಲಿ ಅದರ ಮುಖ್ಯ ಠಾಣೆಯು ಚಿಕ್ಕಮಗಳೂರಿಗೆ ವರ್ಗವಾಯಿತು. ಆದರೂ 1947ರವರೆಗೆ ಜಿಲ್ಲೆಯ ಹೆಸರು ಕಡೂರೆಂದೇ ಉಳಿಯಿತು. ಎಂಟು ದಶಕಗಳ ಕಾಲ ಹೆಸರು ಒಂದೆಡೆ, ಅಧಿಕಾರ ಇನ್ನೊಂದೆಡೆ ಇದ್ದವು.

ಈ ಎಚ್ಚರವು ನಗರಗಳ ವಲಯ ವಿಭಜನೆಯನ್ನು ಅಭ್ಯಸಿಸುವವರಿಗೂ ಅವಶ್ಯಕ. ವಸತಿಗೆ ಒಂದು ಬಣ್ಣ, ವ್ಯಾಪಾರಕ್ಕೆ ಒಂದು ಬಣ್ಣ, ಕೃಷಿಗೆ ಮತ್ತೊಂದು ಬಣ್ಣ ಬಳಿದ ಮಹಾಯೋಜನೆಯ ನಕ್ಷೆಯನ್ನು ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ ಊರಿನ ಸ್ಥಿತಿಗೆ ಸಾಕ್ಷಿಯೆಂದು ಸ್ವೀಕರಿಸುವ ರೂಢಿ ಬೆಳೆಯುತ್ತಿದೆ. ಈ ರೂಢಿ ಸಮಂಜಸವಲ್ಲವೆಂಬುದೇ ನಮ್ಮ ವಾದ. ವಲಯವೆಂಬುದು ಗೆರೆ ಎಳೆದ ಮಾತ್ರಕ್ಕೆ ಸ್ಥಾಪಿತವಾಗುವುದಿಲ್ಲ. ಅದನ್ನು ಪ್ರಕಟಿಸಿದ ಬಗೆ, ಅದಕ್ಕೆ ಬಂದ ಆಕ್ಷೇಪಣೆ, ಅದರಿಂದ ಕೊಟ್ಟ ವಿನಾಯಿತಿ, ಅದಕ್ಕೆ ನ್ಯಾಯಾಲಯ ಹೇಳಿದ ಅರ್ಥ, ಇವೆಲ್ಲ ಸೇರಿದ ಮೇಲೆಯೇ ಅದು ವಲಯವಾಗುತ್ತದೆ.

ಕಾಯಿದೆಯ ರಚನೆಯಲ್ಲಿಯೇ ಇದಕ್ಕೆ ಆಧಾರವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಮೊದಲು ಸ್ಥಳೀಯ ಯೋಜನಾ ಪ್ರದೇಶವನ್ನು ಘೋಷಿಸಬೇಕು. ಇಂದಿನ ಭೂ ಉಪಯೋಗವನ್ನು ಅಳೆದು ನಕ್ಷೆ ಸಿದ್ಧಪಡಿಸಬೇಕು. ಮುಂದಿನ ಉಪಯೋಗವನ್ನು ಸೂಚಿಸುವ ಮಹಾಯೋಜನೆಯನ್ನು ವಲಯ ನಿಬಂಧನೆಗಳೊಡನೆ ಪ್ರಕಟಿಸಿ, ಜನರ ಅಭಿಪ್ರಾಯವನ್ನು ಕರೆಯಬೇಕು. ಹತ್ತು ವರ್ಷಗಳಿಗೊಮ್ಮೆ ಅದನ್ನು ಪರಿಷ್ಕರಿಸಬೇಕು. ಅಂದಮೇಲೆ ಮಹಾಯೋಜನೆಯ ನಕ್ಷೆಯು ಇರುವುದರ ಚಿತ್ರವಲ್ಲ, ಆಗಬೇಕಾದುದರ ಸಂಕಲ್ಪ. ಇವೆರಡನ್ನೂ ಬೆರೆಸುವ ಚರಿತ್ರಕಾರನು ಮದುವೆಯ ಲಗ್ನಪತ್ರಿಕೆಯನ್ನು ನೋಡಿ ಸಂಸಾರದ ವರ್ಣನೆ ಬರೆದಂತಾಗುತ್ತದೆ. ಇದಲ್ಲದೆ, ಅದೇ ಕಾಯಿದೆಯ 14-ಎ ಪ್ರಕರಣವು ನಕ್ಷೆಯ ದೋಷಗಳಿಗಾಗಿಯೂ ಆಯಾ ಕಾಲದ ಸಂದರ್ಭಗಳಿಗಾಗಿಯೂ ಸಾರ್ವಜನಿಕ ಹಿತದೃಷ್ಟಿಯಿಂದ ಭೂ ಉಪಯೋಗವನ್ನು ಬದಲಾಯಿಸಲು ಎಡೆಗೊಟ್ಟಿದೆ. ಗೆರೆಯನ್ನು ಎಳೆದ ಕೈಯೇ ಅದನ್ನು ಸರಿಸುವ ದಾರಿಯನ್ನೂ ಇಟ್ಟುಕೊಂಡಿದೆ.

ಈ ದಾರಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಎರಡು ವ್ಯಾಜ್ಯಗಳು ನಿದರ್ಶನಗಳಾಗಿವೆ. ಮೊದಲನೆಯದರಲ್ಲಿ ನಿಬಂಧನೆಯ ಮಿತಿಯನ್ನು ಮೀರಿ ಎತ್ತರದ ಕಟ್ಟಡ ಕಟ್ಟಹೊರಟವರು, ಯೋಜನೆಯೂ ನಿಬಂಧನೆಗಳೂ ಕ್ರಮವಾಗಿ ಪ್ರಕಟವಾಗಲಿಲ್ಲವಾದ್ದರಿಂದ ತಮ್ಮನ್ನು ಕಟ್ಟಿಹಾಕಲಾರವೆಂದು ವಾದಿಸಿದರು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ನಿಯಮಗಳು ಜನರನ್ನು ಬಂಧಿಸಬೇಕಾದರೆ ಪ್ರಕಟಣೆ ಅವಶ್ಯಕವೆಂಬ ತತ್ತ್ವವನ್ನು ಎತ್ತಿಹಿಡಿದು, ಆ ಪ್ರಕರಣದಲ್ಲಿ ನಡೆದ ಪ್ರಕಟಣೆ ಸಾಕೆಂದು ತೀರ್ಮಾನಿಸಿ, ಕಟ್ಟಡದವರ ವಾದವನ್ನು ತಳ್ಳಿಹಾಕಿತು. ಎರಡನೆಯದರಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಬಯಲನ್ನು ಆಸ್ಪತ್ರೆ ಕಟ್ಟಲು ಖಾಸಗಿ ನ್ಯಾಸವೊಂದಕ್ಕೆ ಕೊಡಲಾಗಿತ್ತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ ಎಂಬುದು ಸಮರ್ಥನೆ. 1991ರಲ್ಲಿ ಅದೇ ನ್ಯಾಯಾಲಯವು ಈ ಸಮರ್ಥನೆಯನ್ನು ಒಪ್ಪದೆ, ನಿವಾಸಿಗಳ ಪರವಾಗಿ ನಿಂತಿತು. ಒಂದು ವ್ಯಾಜ್ಯದಲ್ಲಿ ವಲಯವು ಸ್ಥಾಪಿತವಾಗುವ ಬಗೆ, ಮತ್ತೊಂದರಲ್ಲಿ ‘ಸಾರ್ವಜನಿಕ’ ಎಂಬ ಪದದ ಅರ್ಥ ಇತ್ಯರ್ಥವಾದುವು. ಇವೆರಡೂ ನಕ್ಷೆಯ ಮೇಲೆ ಕಾಣಿಸುವ ಸಂಗತಿಗಳಲ್ಲ.

ಬೆಂಗಳೂರಿನ ಮಾತು ಚಿಕ್ಕ ಊರುಗಳಿಗೆ ಏಕೆಂದು ಕೇಳಬಹುದು. ನೆಲವನ್ನು ಉದ್ದೇಶಕ್ಕನುಸಾರವಾಗಿ ವಿಂಗಡಿಸುವ ಪದ್ಧತಿ ನಮ್ಮ ಈ ಸೀಮೆಗೆ ಹೊಸದಲ್ಲ. ಪಾಳೆಯಗಾರರ ಠಾಣೆಯಾಗಿದ್ದ ತರೀಕೆರೆಯಲ್ಲಿ ಕೋಟೆ ಬೇರೆ, ಪೇಟೆ ಬೇರೆ. ಅದೇ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಇಂಥ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷಿದ್ಧ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶವೆಂದು ಸ್ಮಾರಕ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯು ವಿಧಿಸಿತು. ಅಜ್ಜಂಪುರವಂತೂ ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಸ್ಥಳ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರಿಟ್ಟನು. ಆ ಮಂದೆಗಳಿಗೆ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳಲ್ಲಿ ಋತುಭೇದವಿತ್ತು. ಒಂದು ಋತುವಿನಲ್ಲಿ ದನವಿಲ್ಲದೆ ಬರಿದಾಗಿ ಕಂಡ ಕಾವಲು ಆ ಕಾರಣದಿಂದ ಅನುಪಯುಕ್ತವಾಗಿರಲಿಲ್ಲ. ಬರಿದಾಗಿರುವುದೇ ಆಗಿನ ಅದರ ಉಪಯೋಗ.

ಹೊಸ ವಲಯಗಳ ಭಾಷೆಯಲ್ಲಿ ಈ ಕಾವಲಿಗೆ ಸರಿಹೊಂದುವ ಪದವಿಲ್ಲ. ಅದು ವಸತಿಯಲ್ಲ, ಉದ್ಯಾನವಲ್ಲ, ಉಳುಮೆಯ ಅರ್ಥದಲ್ಲಿ ಕೃಷಿಯೂ ಅಲ್ಲ. ಪದವಿಲ್ಲದ ನೆಲವು ‘ಖಾಲಿ ಜಾಗ’ವೆಂದು ಓದಿಸಿಕೊಳ್ಳುತ್ತದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ದನಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗರ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಅಲ್ಲಿಯೂ ವಿವಾದದ ಬೇರು ಒಂದು ಪದದ ಅರ್ಥವೇ: ಕಾವಲೆಂದರೆ ಸರಕಾರದ ಬಿಡುವಾದ ಭೂಮಿಯೋ, ಜನರ ಬಳಕೆಯಲ್ಲಿರುವ ಹುಲ್ಲುಗಾವಲೋ?

ಹಳೆಯ ವಿಂಗಡಣೆಯೇ ಶ್ರೇಷ್ಠವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕೋಟೆ, ಪೇಟೆ, ಕೇರಿಗಳ ಗೆರೆಗಳು ಬಹುಮಟ್ಟಿಗೆ ಜಾತಿಯ ಗೆರೆಗಳು. ಊರ ಹೊರಗಿನ ಕೇರಿಯವನಿಗೆ ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ಯಾವ ಅರಸನೂ ಗೊತ್ತುಮಾಡಿರಲಿಲ್ಲ. ಅಮೃತಮಹಲಿನ ಮಂದೆಗಳನ್ನು 1860ರಲ್ಲಿ ಮಿತವ್ಯಯಕ್ಕಾಗಿ ಮಾರಿದುದೂ 1866ರಲ್ಲಿ ಮತ್ತೆ ಕೂಡಿಸಿದುದೂ ಆಡಳಿತದ ಅಪ್ಪಣೆಯಿಂದಲೇ. ಗೆರೆಯ ಬಗ್ಗೆ ಪ್ರಜೆಯು ಮಾತನಾಡಬಹುದೆಂದು ಬರೆದುಕೊಟ್ಟಿರುವುದು ಇಂದಿನ ಕಾಯಿದೆಯ ಹಿರಿಮೆ. ಆ ಅವಕಾಶವನ್ನು ಬಳಸುವವರು ಕಡಮೆಯಾದಾಗ ಹೊಸ ಗೆರೆಯೂ ಹಳೆಯ ಅಪ್ಪಣೆಯಂತೆಯೇ ಆಗುತ್ತದೆ.

ಆದುದರಿಂದ ಸಂಶೋಧಕನು ಮಹಾಯೋಜನೆಯನ್ನು ಒಂಟಿಯಾಗಿ ಓದಬಾರದು. ಅದರ ಪಕ್ಕದಲ್ಲಿ ಕಂದಾಯ ಇಲಾಖೆಯ ಗ್ರಾಮನಕ್ಷೆ, ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಿದ ಆಜ್ಞೆಗಳು, ಕಾವಲಿನ ದಾಖಲೆಗಳು, ಸಲ್ಲಿಕೆಯಾದ ಆಕ್ಷೇಪಣೆಗಳು, ತಿರಸ್ಕರಿಸಿದುದಕ್ಕೆ ಕೊಟ್ಟ ಕಾರಣಗಳು ಇರಬೇಕು. ಇವುಗಳಲ್ಲಿ ಕೊನೆಯ ಎರಡು ಬಹುಬೇಗ ಕಳೆದುಹೋಗುವ ಕಾಗದಗಳು. ಊರಿನ ದನಿ ಉಳಿದಿರುವುದೂ ಅವುಗಳಲ್ಲಿಯೇ. ಅಜ್ಜಂಪುರವು ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾಗಿ ಹೆಚ್ಚು ಕಾಲ ಕಳೆದಿಲ್ಲ. ತಾಲ್ಲೂಕು ಕೇಂದ್ರವಾದ ಊರಿಗೆ ಕಛೇರಿ ಬೇಕು, ನಿವೇಶನ ಬೇಕು, ರಸ್ತೆ ಬೇಕು. ಇವೆಲ್ಲಕ್ಕೂ ನೆಲವನ್ನು ಹುಡುಕುವ ಕಣ್ಣು ಮೊದಲು ಬೀಳುವುದು ನಕ್ಷೆಯಲ್ಲಿ ಬರಿದಾಗಿ ಕಾಣುವ ಜಾಗದ ಮೇಲೆ. ಆ ಜಾಗ ಬರಿದಲ್ಲವೆಂದು ದಾಖಲೆ ಸಹಿತವಾಗಿ ತಿಳಿಸಬಲ್ಲವರು ಚರಿತ್ರೆಯ ವಿದ್ಯಾರ್ಥಿಗಳು. ಗೆರೆ ಎಳೆದಾದ ಮೇಲೆ ಬರೆದ ಪ್ರಬಂಧಕ್ಕಿಂತ, ಆಕ್ಷೇಪಣೆಯ ಅವಧಿಯೊಳಗೆ ಸಲ್ಲಿಸಿದ ಒಂದು ಪುಟದ ಟಿಪ್ಪಣಿಯು ಊರಿಗೆ ಹೆಚ್ಚು ಉಪಕಾರ ಮಾಡೀತೆಂದು ನಮ್ಮ ನಂಬಿಕೆ.