ಚೋಮನ ದೈವನಿಷ್ಠೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಅಸ್ಪೃಶ್ಯತೆಯ ಅನ್ಯಾಯವನ್ನು ಚಿತ್ರಿಸಿದ ಕಾದಂಬರಿಯೆಂದು ಪ್ರಸಿದ್ಧವಾಗಿದೆ. ಅದು ನಿಜವೇ. ಆದರೆ ಅಷ್ಟಕ್ಕೆ ನಿಂತುಬಿಡುವ ಓದಿಗೆ ಕೃತಿಯ ಮುಖ್ಯ ಘಟನೆಯೊಂದು ತೊಡಕಾಗಿಯೇ ಉಳಿಯುತ್ತದೆ. ಒಂದು ತುಂಡು ಹೊಲಕ್ಕಾಗಿ ಬಾಳೆಲ್ಲ ಹಂಬಲಿಸಿದ ಚೋಮನು, ಮತಾಂತರದಿಂದ ಅದು ದೊರೆತೀತೆಂಬ ಆಸೆಯಿಂದ ಹೊರಟು, ಹಾಗೆಯೇ ಹಿಂದಿರುಗುತ್ತಾನೆ. ಅವನನ್ನು ತಡೆದುದು ಅವನು ನಂಬಿದ ಪಂಜುರ್ಲಿ.

ಇದನ್ನು ಮೂಢನಂಬಿಕೆಯೆಂದು ಬದಿಗೆ ಸರಿಸುವುದು ಸುಲಭ. ಕಾರಂತರಂತಹ ವಿಚಾರವಾದಿಗಳು ಹಾಗೆ ಸರಿಸಲಿಲ್ಲವೆಂಬುದು ಗಮನಾರ್ಹವಾಗಿದೆ. ಪಂಜುರ್ಲಿ ತುಳುನಾಡಿನ ಹಂದಿರೂಪದ ದೈವ. ಪೈರನ್ನು ಹಾಳುಗೆಡಹುವ ಪ್ರಾಣಿಯನ್ನೇ ಪೈರಿನ ರಕ್ಷಕನೆಂದು ಆರಾಧಿಸಿದುದು ಒಕ್ಕಲುತನದ ಭಯಭಕ್ತಿಗಳ ಫಲ. ಚೋಮನಿಗಾದರೋ ಆ ದೈವ ಕಾಪಾಡಬೇಕಾದ ಪೈರೇ ಇಲ್ಲ! ಮನೆಯಲ್ಲಿ ಎತ್ತುಗಳಿವೆ, ಉಳಲು ನೆಲವಿಲ್ಲ. ಒಕ್ಕಲಿನ ದೈವವನ್ನು ಒಕ್ಕಲಾಗಲಾರದವನು ಇಷ್ಟು ಗಟ್ಟಿಯಾಗಿ ಹಿಡಿದಿರುವುದರಲ್ಲಿ ಕಾದಂಬರಿಯ ಧಾರ್ಮಿಕ ಸತ್ಯವಿದೆ. ಆ ನಿಷ್ಠೆಗೆ ಫಲವೂ ದೊರೆಯುವುದಿಲ್ಲ. ಮರಳಿ ಬಂದವನ ಕಣ್ಣಿಗೆ ಬೀಳುವುದು ಮಗಳು ಬೆಳ್ಳಿ ಮನ್ವೇಲನೊಡನಿರುವ ನೋಟ. ಪುರಾಣಕಥೆಯಾಗಿದ್ದರೆ ಇಲ್ಲಿ ದೈವ ಪ್ರತ್ಯಕ್ಷವಾಗಬೇಕಿತ್ತು. ಇಲ್ಲಿ ಅಂತಹ ಪವಾಡವೇನೂ ನಡೆಯದು. ಎತ್ತುಗಳನ್ನು ಕಾಡಿಗೆ ಬಿಟ್ಟು, ಬಾಗಿಲು ಮುಚ್ಚಿ, ಚೋಮನು ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಊರಿನಲ್ಲಿ ಮತ್ತೊಂದು ಧರ್ಮವೂ ಇದೆ. ಅದು ಮಡಿಮೈಲಿಗೆಗಳದು. ನೀರಿನಲ್ಲಿ ಮುಳುಗುತ್ತಿರುವ ಬಾಲಕ ನೀಲನತ್ತ ದಡದಲ್ಲಿರುವವರ ಕೈ ಚಾಚದಂತೆ ಮಾಡುವುದು ಅದೇ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ, ತಲೆತಲಾಂತರದ ಕಟ್ಟಳೆಯನ್ನು ಮುಂದಿಟ್ಟು ಅವನ ತಾಯಿ ಅಡ್ಡಿಯಾಗುತ್ತಾಳೆ. ಈ ಮುದುಕಿಯನ್ನು ಲೇಖಕರು ಕ್ರೂರಿಯನ್ನಾಗಿ ಮಾಡಿಲ್ಲ. ಆಕೆಯ ಪಾಲಿಗೆ ಅದು ಧರ್ಮವೇ. ಶಾಸ್ತ್ರಗ್ರಂಥಗಳ ಚರ್ಚೆಯಲ್ಲಿ ಕಾಣದ ಸಂಪ್ರದಾಯದ ಮುಖ ಇಂತಹ ಒಂದು ಮಾತಿನಲ್ಲಿ ಕಾಣುತ್ತದೆ. ದೈವಕ್ಕೆ ಅಂಜಿದವನು ತಾನು ನಷ್ಟಪಡುತ್ತಾನೆ, ಮೈಲಿಗೆಗೆ ಅಂಜಿದವರು ಪರರ ಮಗುವನ್ನು ಕಳೆಯುತ್ತಾರೆ. ಇವೆರಡನ್ನೂ ಒಂದೇ ‘ಅಂಧಶ್ರದ್ಧೆ’ಯ ಚೀಲಕ್ಕೆ ತುಂಬುವ ವಿಮರ್ಶೆ ಕೃತಿಗೆ ನ್ಯಾಯ ದೊರಕಿಸದು.

ಚಿತ್ರಣದಲ್ಲಿ ಒಂದು ಕೊರತೆ ಇಲ್ಲದಿಲ್ಲ. ಸಾಲ ತೀರಿಸಲು ಕಾಫಿತೋಟಕ್ಕೆ ಹೋದ ಮಗ ಗುರುವ ಕ್ರೈಸ್ತ ಹುಡುಗಿಯ ಕೈಹಿಡಿದು ಆ ಮತವನ್ನು ಸೇರುತ್ತಾನೆ. ತಂದೆಗೆ ಅಸಾಧ್ಯವಾದುದು ಮಗನಿಗೆ ಹೇಗೆ ಸಾಧ್ಯವಾಯಿತು? ಅವನಿಗೆ ಪಂಜುರ್ಲಿಯ ಭಯ ಕಾಡಲಿಲ್ಲವೇ? ಕಥನ ಈ ಪ್ರಶ್ನೆಗಳ ಬಳಿ ನಿಲ್ಲದೆ ಮುಂದೆ ಸಾಗಿಬಿಡುತ್ತದೆ. ತೋಟದ ಬದುಕು ಮನೆಯ ದೈವದ ಹಿಡಿತವನ್ನು ಸಡಿಲಿಸಿದ ಬಗೆಯನ್ನು ಇನ್ನಷ್ಟು ವಿಸ್ತಾರವಾಗಿ ಬರೆದಿದ್ದರೆ, ಚೋಮನ ಹಿಂದಿರುಗುವಿಕೆ ಮತ್ತಷ್ಟು ತೀವ್ರವಾಗಿ ತಟ್ಟುತ್ತಿತ್ತು.