ರೇಷ್ಮೆಯಾದ ಜೋಗ

ಜೋಗದ ಫೋಟೋ ಎಂದರೆ ಈಗ ಹೆಚ್ಚುಕಡಿಮೆ ಒಂದೇ ಫೋಟೋ: ಕಪ್ಪು ಬಂಡೆ, ಅದರ ಮೇಲಿಂದ ಇಳಿಬಿಟ್ಟ ಬಿಳಿ ರೇಷ್ಮೆ. ನಾನೂ ಅಂಥದ್ದೊಂದನ್ನು ತೆಗೆದು ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿದ್ದೆ. ಫೆಬ್ರವರಿ ತಿಂಗಳು, ಟ್ರೈಪಾಡ್, ಲೆನ್ಸಿನ ಮುಂದೆ ಕಪ್ಪು ಎನ್‌ಡಿ ಫಿಲ್ಟರ್, 8 ಸೆಕೆಂಡ್. ಸಾಗರದ ಕಡೆಯವರಾದ ಅಪ್ಪ ಅದನ್ನು ನೋಡಿ, "ಫೆಬ್ರವರೀಲಿ ಇಷ್ಟು ನೀರಾ? ಡ್ಯಾಮಿನ ಗೇಟ್ ಏನಾದ್ರೂ ತೆಗ್ದಿದ್ರಾ?" ಎಂದರು.

ಗೇಟ್ ತೆಗೆದಿರಲಿಲ್ಲ. ಅಲ್ಲಿದ್ದದ್ದು ಬಂಡೆಗೆ ಅಂಟಿಕೊಂಡು ಇಳಿಯುತ್ತಿದ್ದ ತೆಳ್ಳನೆಯ ಎಳೆಗಳು. ಶಟರ್ 8 ಸೆಕೆಂಡ್ ತೆರೆದಿದ್ದರೆ ಹನಿಯೊಂದು ತಾನು ಬಿದ್ದ ದಾರಿಯುದ್ದಕ್ಕೂ ಗುರುತು ಬಿಡುತ್ತದೆ. ಹನಿಹನಿಗಳ ನಡುವಿನ ಖಾಲಿ ತುಂಬಿಹೋಗುತ್ತದೆ. ಬಡ ನೀರು ಶ್ರೀಮಂತವಾಗಿ ಕಾಣುವುದು ಹೀಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದ ನೀರನ್ನು ಮಳೆಯೊಂದೇ ತೀರ್ಮಾನಿಸುವುದಿಲ್ಲ. ಅಂಥ ಕಡೆ ಈ ಸುಳ್ಳು ಸಣ್ಣದಲ್ಲ. ಜುಲೈ ಪ್ರವಾಹಕ್ಕೂ ಅದೇ 8 ಸೆಕೆಂಡ್ ಕೊಟ್ಟರೆ ಒಳಗಿನ ಸೀಳು, ನೆಗೆತ ಎಲ್ಲ ಅಳಿಸಿ ಸುಣ್ಣ ಬಳಿದಂತಾಗುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ಹೆಸರುಗಳು ನೀರಿನ ನಡಿಗೆಯ ಹೆಸರುಗಳು; ನಮ್ಮ ಫೋಟೋಗಳಲ್ಲಿ ನಾಲ್ವರೂ ರಾಣಿಯರೇ.

ವಿಚಿತ್ರವೆಂದರೆ, ಮೊದಲ ಛಾಯಾಗ್ರಾಹಕರಿಗೆ ಈ ಮಸುಕು ಒಂದು ತೊಡಕಾಗಿತ್ತು. ಅವರ ಪ್ಲೇಟುಗಳು ನಿಧಾನ, ನೀರು ನಿಲ್ಲುತ್ತಿರಲಿಲ್ಲ. 1857ರಲ್ಲಿ ಫ್ರಾನ್ಸಿನ ಸೆತ್ ತೀರದಲ್ಲಿ ಗುಸ್ತಾವ್ ಲ ಗ್ರೇ ಅಲೆಯನ್ನು ಹಿಡಿದು ನಿಲ್ಲಿಸಿದಾಗ ಅದೇ ದೊಡ್ಡ ಬೆರಗು; ಆಕಾಶಕ್ಕೆ ಬೇರೆ ನೆಗೆಟಿವ್ ಜೋಡಿಸಿದ್ದ. ಇಂದು ಫೋನೇ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನೀರನ್ನು ನಿಲ್ಲಿಸುತ್ತದೆ. ನಾವು ಬೆಳಕನ್ನು ಸಾವಿರಕ್ಕೆ ಒಂದರಷ್ಟು ಇಳಿಸುವ ಗಾಜು ಕೊಂಡು ಹಳೆಯ ಮಸುಕನ್ನು ವಾಪಸು ತರುತ್ತೇವೆ.

ದೀರ್ಘ ಎಕ್ಸ್‌ಪೋಷರ್ ಬಗ್ಗೆ ನನಗೆ ಹಗೆಯಿಲ್ಲ. ಮೈಕೆಲ್ ಕೆನ್ನಾ ರಾತ್ರಿಯಲ್ಲಿ ಗಂಟೆಗಟ್ಟಲೆ ಶಟರ್ ತೆರೆದಿಟ್ಟಾಗ ಕಡಲು ಮಂಜಾಗುತ್ತದೆ, ನೆಟ್ಟ ಕಂಬಗಳಷ್ಟೇ ಉಳಿಯುತ್ತವೆ. ಅಲ್ಲಿ ವಿಷಯವೇ ಕಾಲ. ನೀರೆಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಜೋಗದಲ್ಲಿ ಅಪ್ಪ ಕೇಳಿದರು.

ಆಮೇಲೆ ಒಂದು ಜುಲೈಯಲ್ಲಿ ಹೋದೆ. ಮಂಜು ಸರಿಯಲು ಎರಡು ಗಂಟೆ ಕಾದು (ಕಾಫಿ ಮೂರು ಸಲ ಆಯಿತು) 1/15 ಸೆಕೆಂಡಿನಲ್ಲಿ ತೆಗೆದೆ. ಎದುರು ದಂಡೆಯಿಂದ ದೂರ ಜಾಸ್ತಿ, ಹಾಗಾಗಿ ನೀರಿನ ಎಳೆಗಳು ಕೂಡಿಹೋಗಲಿಲ್ಲ. ರಾಕೆಟ್ಟಿನ ಚಿಮ್ಮು ಚಿಮ್ಮಾಗಿಯೇ ಉಳಿಯಿತು. ಬೇಸಿಗೆಯ ನೀರಿಗೆ ಇನ್ನೂ ಚುರುಕಾದ ವೇಗ ಬೇಕು, 1/250ರ ಆಸುಪಾಸು, ಎಳೆಯ ಹರುಕು ಹರುಕಾಗಿಯೇ ಕಾಣಲು. ಚಿತ್ರ ಅಷ್ಟು ಚೆಂದ ಬರುವುದಿಲ್ಲ.

ರೇಷ್ಮೆ ಫೋಟೋ ಇನ್ನೂ ಗೋಡೆಯ ಮೇಲಿದೆ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: ಫೆಬ್ರವರಿ, 8 ಸೆಕೆಂಡ್.